ಜೀವ ಉಳಿದ ಮೇಲೆ ಬದುಕು: ಆಕ್ಯುಪೇಷನಲ್ ಥೆರಪಿ ನಡೆದುಬಂದ ದಾರಿ

ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಮ್ಮೂರುಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ. ಸೊಸೆ ತುತ್ತು ಮಾಡಿ ಉಣ್ಣಿಸುತ್ತಾಳೆ, ಮಗ ಸ್ನಾನ ಮಾಡಿಸುತ್ತಾನೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ನಿನ್ನೆವರೆಗೆ ಹೊಲ ನೋಡಿಕೊಂಡವರು ಇವತ್ತು ಒಂದು ಲೋಟ ನೀರಿಗೂ ಕೂಗಬೇಕು. ಜೀವವೇನೋ ಉಳಿಯಿತು, ಬದುಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬೆಳೆದದ್ದೇ ಆಕ್ಯುಪೇಷನಲ್ ಥೆರಪಿ.

ಅಮೆರಿಕದ ಜಾರ್ಜ್ ಬಾರ್ಟನ್ ಕಟ್ಟಡ ವಿನ್ಯಾಸಕಾರ. ಕ್ಷಯ ಬಂತು, ಪಾದಕ್ಕೆ ಶಸ್ತ್ರಚಿಕಿತ್ಸೆಯಾಯಿತು, ಎಡಭಾಗ ಸ್ವಾಧೀನ ತಪ್ಪಿತು. ಅವರು ಮರಗೆಲಸ, ತೋಟದ ಕೆಲಸ ಮಾಡುತ್ತಲೇ ಚೇತರಿಸಿಕೊಂಡರು. 1914ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಇತರ ರೋಗಿಗಳಿಗೂ ಅದನ್ನೇ ಕಲಿಸಲು ಒಂದು ಮನೆ ತೆರೆದರು. 1917ರಲ್ಲಿ ಅಲ್ಲೇ ಈ ಚಿಕಿತ್ಸೆಯ ಮೊದಲ ಸಂಘ ಹುಟ್ಟಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆರೈಕೆಯಲ್ಲಿ ಇದು ಬೇರೂರಿತು.

ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಮದುವೆಯಾಗಿ ನಮ್ಮ ದೇಶದ ಸೊಸೆಯಾದವರು. 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ಶುರುಮಾಡಿದರು. 1952ರಲ್ಲಿ ವಿಶ್ವ ಒಕ್ಕೂಟ ಸ್ಥಾಪನೆಯಾದಾಗ ಅದರ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು.

ಅದೇ ಕಾಲದಲ್ಲಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಮಡಚಿಹೋದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಿದ್ದರು. ಆಮೇಲೊಂದು ಕಷ್ಟ ಎದುರಾಯಿತು. ಕೈ ನೆಟ್ಟಗಾದವರಿಗೆ ಭಿಕ್ಷೆ ಕಡಿಮೆಯಾಯಿತು, ಹಳೆಯ ರೋಗದ ಭಯಕ್ಕೆ ಕೆಲಸವನ್ನೂ ಯಾರೂ ಕೊಡಲಿಲ್ಲ. ಹಾಗಾಗಿ ಅವರಿಗೆ ಮರಗೆಲಸದಂಥ ಕಸುಬು ಕಲಿಸುವ ಕೇಂದ್ರವನ್ನೂ ಕಟ್ಟಬೇಕಾಯಿತು. ಕೈ ಸರಿಯಾದರೆ ಸಾಲದು, ಆ ಕೈಗೊಂದು ಕೆಲಸವೂ ಬೇಕು.

ಹೆಸರಿನಲ್ಲಿ ‘ಉದ್ಯೋಗ’ ಎಂಬ ಅರ್ಥವಿದ್ದರೂ ಇದು ನೌಕರಿ ಕೊಡಿಸುವ ಚಿಕಿತ್ಸೆಯಲ್ಲ. ಉಣ್ಣುವುದು, ಉಡುವುದು, ಶೌಚಕ್ಕೆ ಹೋಗುವುದು, ಒಲೆ ಹಚ್ಚುವುದು, ಎಲ್ಲವೂ ಇಲ್ಲಿ ಕೆಲಸವೇ. ಫಿಸಿಯೋಥೆರಪಿ ಮುಖ್ಯವಾಗಿ ಕೈಕಾಲಿನ ಚಲನೆ, ಬಲದ ಕಡೆ ನೋಡಿದರೆ, ಇದು ಆ ಬಲದಲ್ಲಿ ದಿನ ಹೇಗೆ ಕಳೆಯಬೇಕೆಂದು ಕಲಿಸುತ್ತದೆ. ಅಂಗಿ ತೊಡುವಾಗ ಸ್ವಾಧೀನವಿಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ. ಹಿಡಿತ ಸಿಗದಿದ್ದರೆ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು. ಗುಂಡಿಯ ಬದಲು ಅಂಟುಪಟ್ಟಿ.

ಇದಕ್ಕೆ ತಾಳ್ಮೆ ಬೇಕು. ನಾವು ಎರಡು ನಿಮಿಷದಲ್ಲಿ ಹಾಕುವ ಅಂಗಿಗೆ ಅವರಿಗೆ ಇಪ್ಪತ್ತು ನಿಮಿಷ ಹಿಡಿದೀತು. ಆ ಹೊತ್ತಿನಲ್ಲಿ ಬೀಳದಂತೆ ಪಕ್ಕದಲ್ಲಿರಿ, ಆದರೆ ಕೈಯಿಂದ ಕಿತ್ತುಕೊಳ್ಳಬೇಡಿ. ಆಸ್ಪತ್ರೆಯಿಂದ ಮನೆಗೆ ಕಳಿಸುವ ಮುನ್ನ ಡಾಕ್ಟರನ್ನು ಒಂದು ಮಾತು ಕೇಳಿ: ‘ಇವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದನ್ನು ಕಲಿಸುವವರು ಎಲ್ಲಿ ಸಿಗುತ್ತಾರೆ?’