ಮಗನ್ನ ಫುಟ್‌ಬಾಲ್ ಅಕಾಡೆಮಿಗೆ ಹಾಕೋ ಮುಂಚೆ: ರೊಕ್ಕ ಯಾವ ಕಡೆಯಿಂದ ಯಾವ ಕಡೆ ಹೊಂಟದ ನೋಡ್ರಿ

ಆಳಂದ / ಅಫಜಲಪುರ / ಜೇವರ್ಗಿ: ಬ್ಯಾಸಗಿ ಸೂಟಿ ಹತ್ತಿರ ಬಂತಂದ್ರ ಸಾಕು, ಸಮ್ಮರ್ ಕ್ಯಾಂಪ್, ಓಪನ್ ಟ್ರಯಲ್ಸ್, ವಸತಿ ಸಹಿತ ಅಕಾಡೆಮಿ ಅನ್ನೋ ಪೋಸ್ಟರ್‌ಗಳು ಮೊಬೈಲ್‌ನಾಗ ಓಡಾಡಕ್ಕ ಶುರು ಆಗ್ತಾವ. ಮನೆಯಲ್ಲಿ ಮಗ ಅಥವಾ ಮಗಳು ಚೆಂದ ಆಡ್ತಾರಂದ್ರ ಪಾಲಕರಿಗೂ ಆಸೆ ಹುಟ್ಟೋದು ಸಹಜ. ಆದ್ರ ನಮ್ಮ ಮೂರೂ ತಾಲೂಕಿನವರಿಗೆ ಈ ಆಸೆ ತುಟ್ಟಿ. ಕಲಬುರಗಿಗೆ ಆಳಂದದಿಂದಲೂ ಜೇವರ್ಗಿಯಿಂದಲೂ ಸುಮಾರು 40 ಕಿ.ಮೀ., ಅಫಜಲಪುರದಿಂದ ಇನ್ನೂ ದೂರ. ಬೆಂಗಳೂರಿಗೆ ಕಳಿಸಬೇಕಂದ್ರ ಮಗುವನ್ನ ಹಾಸ್ಟೆಲ್‌ಗೆ ಬಿಡಲೇಬೇಕು. ತೊಗರಿ ಮಾರಿದ ರೊಕ್ಕ, ಅಂಗಡಿಯ ಉಳಿತಾಯ, ಜೊತೆಗೆ ಮಗುವಿನ ಸಾಲಿಯ ಒಂದೆರಡು ವರ್ಷ, ಇಷ್ಟನ್ನೂ ಪಣಕ್ಕಿಡಬೇಕಾಗ್ತದ.

ಕ್ಲಬ್ಬು, ಅಕಾಡೆಮಿಗಳು ಆಟಗಾರರನ್ನ ಮತ್ತು ಮನೆಯವರನ್ನ ಹೆಂಗ ನಡೆಸಿಕೊಳ್ಳಬೇಕು, ನಿಯಮ ಏನಿದೆ, ಏನು ಕೇಳಬೇಕು, ಎಲ್ಲಿ ದೂರು ಕೊಡಬೇಕು ಅನ್ನೋದರ ಮಾಹಿತಿ ಇಲ್ಲಿದೆ. ಫುಟ್‌ಬಾಲ್ ಬಗ್ಗೆ ಬರೆದಿದ್ದರೂ ಕ್ರಿಕೆಟ್, ಬ್ಯಾಡ್ಮಿಂಟನ್‌ಗೂ ಬಹುತೇಕ ಇದೇ ಮಾತು ಅನ್ವಯ.

ಎರಡು ಥರದ ಅಕಾಡೆಮಿ

ಮೊದಲನೇ ಥರದ್ದು, ಆಟ ನೋಡಿ ಮಗುವನ್ನ ಆಯ್ಕೆ ಮಾಡಿ ತರಬೇತಿಯ ಖರ್ಚು ತಾನೇ ಹೊರುವುದು. ಎರಡನೇದು, ಫೀಸ್ ತಗೊಂಡು ಕಲಿಸುವುದು. 2013ರಲ್ಲಿ ಶುರುವಾದ ಬೆಂಗಳೂರು ಎಫ್‌ಸಿಯನ್ನೇ ತಗೊಳ್ರಿ. ಆಯ್ಕೆಯಾದ ಹುಡುಗರಿಗೆ ಅವರ ವಸತಿ ಅಕಾಡೆಮಿ ಬೇರೆ, ಫೀಸ್ ಕಟ್ಟಿ ಸೇರುವ ‘ಸಾಕರ್ ಸ್ಕೂಲ್ಸ್’ ಬೇರೆ. ಎರಡರಲ್ಲೂ ತಪ್ಪಿಲ್ಲ. ತಪ್ಪಾಗುವುದು ಎರಡನೇದನ್ನ ಮೊದಲನೇದು ಅಂತ ಹೇಳಿ ಮಾರಿದಾಗ.

ಇದನ್ನ ಗುರುತಿಸುವುದು ವ್ಯಾಪಾರಸ್ಥರಿಗೆ ಕಷ್ಟ ಅಲ್ಲ. ರೊಕ್ಕ ಯಾವ ಕಡೆಯಿಂದ ಯಾವ ಕಡೆ ಹೊಂಟದ ನೋಡ್ರಿ. ಕ್ಲಬ್ ಮಗುವಿನ ಮೇಲೆ ಖರ್ಚು ಮಾಡ್ತಿದ್ರ ಅದು ಆಯ್ಕೆ. ನೀವು ಕ್ಲಬ್‌ಗೆ ಕಟ್ತಿದ್ರ ನೀವು ಗಿರಾಕಿ. ‘ನಿಮ್ಮ ಹುಡುಗ ಸೆಲೆಕ್ಟ್ ಆಗ್ಯಾನ, ನಾಳೆ ಸಂಜಿ ಒಳಗ ರೊಕ್ಕ ಕಟ್ರಿ’ ಅಂದ್ರ ಅದು ಆಯ್ಕೆ ಅಲ್ಲ, ವ್ಯಾಪಾರ. ಗಿರಾಕಿ ಆದಮ್ಯಾಲ ಗಿರಾಕಿಯಂಗ ರಸೀದಿ ಕೇಳ್ರಿ, ಲೆಕ್ಕ ಕೇಳ್ರಿ. ಅದರಾಗ ನಾಚಿಕೆ ಏನಿಲ್ಲ.

ಮೊದಲು ಸರ್ಕಾರದ ದಾರಿ ನೋಡ್ರಿ

ಖಾಸಗಿಗೆ ರೊಕ್ಕ ಕಟ್ಟುವ ಮುಂಚೆ ಪುಕ್ಕಟೆ ದಾರಿಗಳನ್ನ ವಿಚಾರಿಸಿ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಲ್ಲಿ ಊಟ, ವಸತಿ, ತರಬೇತಿ ಉಚಿತ. ಕಿರಿಯರ ವಿಭಾಗದಲ್ಲಿ 5ನೇ ಮತ್ತು 8ನೇ ತರಗತಿಗೆ ಸೇರುವ ಮಕ್ಕಳಿಗೆ, ಹಿರಿಯರ ವಿಭಾಗದಲ್ಲಿ ಪಿಯುಸಿ ಮಟ್ಟದವರಿಗೆ ಆಯ್ಕೆ ನಡೆಯುತ್ತದೆ. ಈ ಪ್ರಕಟಣೆ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲೇ ಬರುತ್ತದೆ. ಬೇಸಿಗೆ ರಜೆ ಬಿದ್ದಮ್ಯಾಲ ವಿಚಾರಿಸಿದ್ರ ತಡ ಆಗಿರ್ತದ. ಹಂಗಾಗಿ ಡಿಸೆಂಬರ್‌ನಿಂದಲೇ ಸಾಲಿಯ ದೈಹಿಕ ಶಿಕ್ಷಕರ ಹತ್ರ, ಕಲಬುರಗಿಯ ಜಿಲ್ಲಾ ಕ್ರೀಡಾ ಇಲಾಖೆ ಕಚೇರಿಯಲ್ಲಿ ಕೇಳ್ತಾ ಇರಬೇಕು.

ಕೇಂದ್ರ ಸರ್ಕಾರದ ಭಾರತೀಯ ಕ್ರೀಡಾ ಪ್ರಾಧಿಕಾರ, ಅಂದ್ರ ಸಾಯ್, ಧಾರವಾಡದಲ್ಲೂ ಬೆಂಗಳೂರಿನಲ್ಲೂ ಕೇಂದ್ರಗಳನ್ನ ನಡೆಸುತ್ತದೆ. ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ತರಬೇತಿ ಖರ್ಚಿನ ಜೊತೆಗೆ ಕೈಖರ್ಚಿಗೆ ಅಂತ ತಿಂಗಳಿಗೆ 10,000 ರೂ. ಕೊಡುವ ವ್ಯವಸ್ಥೆ ಇದೆ. ಇಲ್ಲಿ ರೊಕ್ಕ ಮಗುವಿನ ಕಡೆ ಬರುತ್ತದೆ. ನಿಜವಾದ ಆಯ್ಕೆ ಅಂದ್ರ ಹಿಂಗ ಇರ್ತದ.

ಫೀಸ್ ಒಂದೇ ಖರ್ಚಲ್ಲ

ಪೋಸ್ಟರ್ ಮೇಲೆ ಬರೆಯುವುದು ತಿಂಗಳ ಫೀಸ್ ಮಾತ್ರ. ಅದರ ಹಿಂದೆ ಪ್ರವೇಶ ಶುಲ್ಕ, ಜೆರ್ಸಿ, ಶೂ, ಹಾಸ್ಟೆಲ್, ಊಟ, ಟೂರ್ನಿ ಪ್ರವೇಶ, ರೈಲು ಚಾರ್ಜು, ಕೋಚ್ ಜೊತೆಗೆ ಬರುವ ಖರ್ಚು ಸಾಲಾಗಿ ಬರ್ತಾವ. ಒಂದು ಲೆಕ್ಕ ಹಾಕಿ ನೋಡ್ರಿ. ತಿಂಗಳ ಫೀಸ್ 2,000 ಅಂತ ಇಟ್ಕೊಂಡ್ರ ವರ್ಷಕ್ಕೆ 24,000. ವಾರಕ್ಕೆ ಮೂರು ದಿನ ಮಗುವನ್ನ ಕಲಬುರಗಿಗೆ ಕರ್ಕೊಂಡು ಹೋಗಿ ಬರಬೇಕಂದ್ರ ವರ್ಷಕ್ಕೆ 150 ಸಲ ಓಡಾಟ. ಒಂದು ಸಲಕ್ಕೆ ಇಬ್ಬರದ್ದೂ ಸೇರಿ 200 ಅಂದ್ರೂ 30,000. ಅಂದ್ರ ಬಸ್ ಖರ್ಚೇ ಫೀಸ್‌ಗಿಂತ ಜಾಸ್ತಿ. ಆ ಹೊತ್ತಿನಾಗ ಅಂಗಡಿ ಮುಚ್ಚಿದ ನಷ್ಟ ಬೇರೆ.

ಅದಕ್ಕೇ ಇಡೀ ವರ್ಷದ ಖರ್ಚನ್ನ ಒಂದು ಹಾಳೆ ಮೇಲೆ ಬರೆದು ಕೊಡಿ ಅಂತ ಮೊದಲೇ ಕೇಳ್ರಿ. ನಡುವೆ ಬಿಟ್ರ ಎಷ್ಟು ವಾಪಸ್ ಅನ್ನೋದೂ ಅದರಾಗ ಇರಲಿ. ಫೋನ್‌ಪೇ ಮಾಡುವಾಗ ಕೋಚ್‌ನ ಸ್ವಂತ ನಂಬರ್‌ಗೆ ಹಾಕದೆ ಸಂಸ್ಥೆಯ ಖಾತೆಗೆ ಹಾಕಿ, ರಸೀದಿ ಇಟ್ಕೊಳ್ರಿ.

‘ನ್ಯಾಷನಲ್’ ಸರ್ಟಿಫಿಕೇಟ್ ಎಲ್ಲಾ ನ್ಯಾಷನಲ್ ಅಲ್ಲ

ಪಾಲಕರು ಹೆಚ್ಚು ಮೋಸ ಹೋಗುವ ಜಾಗ ಇದು. ಗೋವಾದಲ್ಲೋ ದೆಹಲಿಯಲ್ಲೋ ‘ರಾಷ್ಟ್ರಮಟ್ಟದ’ ಟೂರ್ನಿ, ನೇಪಾಳದಲ್ಲಿ ‘ಅಂತರರಾಷ್ಟ್ರೀಯ’ ಟೂರ್ನಿ ಅಂತ ಹೇಳಿ ತಲಾ ಇಷ್ಟು ಅಂತ ವಸೂಲಿ ಆಗ್ತದ. ವಾಪಸ್ ಬರುವಾಗ ಕೊರಳಾಗ ಪದಕ, ಕೈಯಾಗ ಸರ್ಟಿಫಿಕೇಟ್, ಊರಾಗ ಬ್ಯಾನರ್. ನಾಳೆ ಕ್ರೀಡಾ ಕೋಟಾದಡಿ ನೌಕರಿ ಕೇಳಕ್ಕ ಹೋದಾಗ ಆ ಕಾಗದ ನಡಿಯಂಗಿಲ್ಲ ಅಂತ ಗೊತ್ತಾಗ್ತದ.

ಕೇಂದ್ರ ಸರ್ಕಾರದ ನೌಕರಿಯ ಕ್ರೀಡಾ ಕೋಟಾಕ್ಕೆ ಸರ್ಟಿಫಿಕೇಟ್‌ನ ನಮೂನೆಗಳೇ ನಿಗದಿಯಾಗಿವೆ. ನಮೂನೆ 1 ಅಂತರರಾಷ್ಟ್ರೀಯ, ನಮೂನೆ 2 ರಾಷ್ಟ್ರೀಯ, ನಮೂನೆ 3 ಅಂತರ ವಿಶ್ವವಿದ್ಯಾಲಯ, ನಮೂನೆ 4 ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಪೋಸ್ಟರ್ ಮೇಲೆ ಏನು ಬರೆದಾರ ಅನ್ನೋದಲ್ಲ, ಯಾರು ಸಹಿ ಮಾಡ್ತಾರ ಅನ್ನೋದು ಮುಖ್ಯ. ಫುಟ್‌ಬಾಲ್‌ಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ (ಎಐಎಫ್‌ಎಫ್), ರಾಜ್ಯದಲ್ಲಿ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ. ಕ್ರಿಕೆಟ್ ಆದ್ರ ಕೆಎಸ್‌ಸಿಎ. ನಮ್ಮ ಜಿಲ್ಲೆ ಅದರ ರಾಯಚೂರು ವಲಯಕ್ಕೆ ಬರ್ತದ. ಸಾಲಿ ಮಕ್ಕಳಿಗೆ 14, 17, 19 ವರ್ಷದೊಳಗಿನ ವಿಭಾಗಗಳಲ್ಲಿ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಹೋಗುವ ಇಲಾಖೆಯ ಕ್ರೀಡಾಕೂಟ ಇದೆ. ರೊಕ್ಕ ಕೊಟ್ಟು ವಿಮಾನ ಹತ್ತಿ ಆಡಿದ ಟೂರ್ನಿಗಿಂತ ತಾಲೂಕು ಮೈದಾನದಾಗ ಗೆದ್ದು ಮುಂದೆ ಹೋಗುವ ಈ ದಾರಿಗೇ ತೂಕ ಜಾಸ್ತಿ.

ವಯಸ್ಸು ತಿದ್ದಬ್ಯಾಡ್ರಿ

‘ಎರಡು ವರ್ಷ ಕಮ್ಮಿ ಮಾಡಿಸ್ರಿ, ಸೆಲೆಕ್ಟ್ ಆಗ್ತಾನ’ ಅಂತ ಯಾರಾದ್ರೂ ಅಂದ್ರ ಅಲ್ಲೇ ಎದ್ದು ಬರ್ರಿ. ಕ್ರಿಕೆಟ್‌ನಲ್ಲೂ ಫುಟ್‌ಬಾಲ್‌ನಲ್ಲೂ ಮುಂಗೈ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ಅಂದಾಜಿಸುವ ಟಿಡಬ್ಲ್ಯು3 ಪರೀಕ್ಷೆ ಬಳಕೆಯಲ್ಲಿದೆ. ಸುಳ್ಳು ಜನ್ಮದಿನಾಂಕ ಕೊಟ್ಟು ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧ ಅಂತ ಬಿಸಿಸಿಐ 2020ರಲ್ಲೇ ಪ್ರಕಟಿಸಿದೆ. ಸಲಹೆ ಕೊಟ್ಟವರು ಯಾರೇ ಇರಲಿ, ನಿಷೇಧ ಬೀಳುವುದು ಮಗುವಿನ ಮೇಲೆ.

ವಯಸ್ಸಿನ ಬಗ್ಗೆ ಆರೋಪ ಬಂದ್ರ ಮನೆ ಮಂದಿಗೆಲ್ಲಾ ಎಷ್ಟು ತ್ರಾಸು ಅನ್ನೋದಕ್ಕೆ ಬೆಂಗಳೂರಿನಲ್ಲಿ ತಯಾರಾದ ಬ್ಯಾಡ್ಮಿಂಟನ್ ತಾರೆ ಲಕ್ಷ್ಯ ಸೇನ್ ಪ್ರಕರಣ ನೋಡಬಹುದು. ಅವರ ಮೇಲೆ, ಮನೆಯವರ ಮೇಲೆ, ಕೋಚ್ ಮೇಲೆ 2022ರಲ್ಲಿ ದಾಖಲಾದ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. 2025ರ ಜುಲೈನಲ್ಲಿ ಕೋರ್ಟ್ ಅದನ್ನ ರದ್ದು ಮಾಡಿತು. ತಪ್ಪು ಸಾಬೀತಾಗದಿದ್ದರೂ ವರ್ಷಗಟ್ಟಲೆ ಓಡಾಟ ತಪ್ಪಲಿಲ್ಲ. ಜನನ ಪ್ರಮಾಣಪತ್ರ, ಆಧಾರ್, ಸಾಲಿ ದಾಖಲೆ ಮೂರರಲ್ಲೂ ಒಂದೇ ದಿನಾಂಕ ಇರುವಂತೆ ಈಗಲೇ ನೋಡಿಕೊಳ್ಳಿ.

ಸಹಿ, ನೋಂದಣಿ, ವಿದೇಶದ ಆಸೆ

ಫಿಫಾ ನಿಯಮದಂತೆ ಒಬ್ಬ ಆಟಗಾರ ಒಂದು ಹೊತ್ತಿಗೆ ಒಂದೇ ಕ್ಲಬ್‌ನಲ್ಲಿ ನೋಂದಣಿ ಆಗಬಹುದು. ನಮ್ಮ ದೇಶದಲ್ಲಿ ಈ ನೋಂದಣಿ ಎಐಎಫ್‌ಎಫ್‌ನ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಒಮ್ಮೆ ಹೆಸರು ಸೇರಿದಮ್ಯಾಲ ಬೇರೆ ಕ್ಲಬ್‌ಗೆ ಹೋಗಬೇಕಂದ್ರ ವರ್ಗಾವಣೆ ಪ್ರಕ್ರಿಯೆ ಮುಗಿಸಬೇಕು. ಹಂಗಾಗಿ ಓದದೇ ಫಾರ್ಮ್‌ಗೆ ಸಹಿ ಹಾಕಬ್ಯಾಡ್ರಿ. 18 ವರ್ಷದೊಳಗಿನವರಿಂದ ಬರೆಸಿಕೊಂಡ ಕರಾರು ನಮ್ಮ ಕಾನೂನಿನ ಮುಂದೆ ಅವರನ್ನ ಕಟ್ಟಿಹಾಕುವುದಿಲ್ಲ. ಆದ್ರ ಅಪ್ಪ ಅವ್ವ ಹಾಕಿದ ಸಹಿಯ ಮಾತು ಬೇರೆ.

‘ಸ್ಪೇನ್‌ನಾಗ ಟ್ರಯಲ್ಸ್’ ಅಂತ ಲಕ್ಷಗಟ್ಟಲೆ ಕೇಳುವವರ ಬಗ್ಗೆಯೂ ಒಂದು ಮಾತು. 18 ವರ್ಷದೊಳಗಿನ ಆಟಗಾರನನ್ನ ಬೇರೆ ದೇಶದ ಕ್ಲಬ್‌ಗೆ ವರ್ಗಾಯಿಸುವುದನ್ನ ಫಿಫಾ ನಿಷೇಧಿಸಿದೆ. ಫುಟ್‌ಬಾಲ್‌ಗೆ ಸಂಬಂಧ ಇಲ್ಲದ ಕಾರಣಕ್ಕೆ ಇಡೀ ಕುಟುಂಬ ಆ ದೇಶಕ್ಕೆ ಹೋದಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಇದೆ. ಈ ನಿಯಮ ಮುರಿದಿದ್ದಕ್ಕೆ ಬಾರ್ಸಿಲೋನಾದಂಥ ಕ್ಲಬ್‌ಗೇ 2014ರಲ್ಲಿ ಶಿಕ್ಷೆ ಆಗಿತ್ತು. ಹಂಗಾದ್ರ 14 ವರ್ಷದ ಹುಡುಗನಿಗೆ ಅಲ್ಲಿ ಸಿಗುವುದು ಏನು? ಹತ್ತು ದಿನದ ಪ್ರವಾಸ, ಒಂದಿಷ್ಟು ಫೋಟೋ.

ಆಡಿಸಲಿಲ್ಲ, ಕೈಬಿಟ್ರು ಅಂದಾಗ

ಬೆಂಚ್ ಮೇಲೆ ಕೂಡಿಸುವುದು, ತಂಡದಿಂದ ಕೈಬಿಡುವುದು ಆಟದ ಭಾಗ. ಅದು ಅನ್ಯಾಯ ಅಂತ ಪ್ರತಿ ಸಲ ಜಗಳಕ್ಕೆ ನಿಲ್ಲಬಾರದು. ಆದ್ರ ಹೇಳುವ ರೀತಿ ಒಂದಿರ್ತದ. ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿ ಸುಮ್ಮನಾಗುವುದು, ಎಲ್ಲರ ಮುಂದೆ ಮಗುವನ್ನ ಹೀಯಾಳಿಸುವುದು, ಫೀಸ್ ಬಾಕಿ ಅಂತ ಮೈದಾನದ ಹೊರಗೆ ನಿಲ್ಲಿಸುವುದು, ಗಾಯ ಆಗಿದ್ರೂ ಆಡಿಸುವುದು, ಪ್ರಶ್ನೆ ಕೇಳಿದ ಅಪ್ಪನ ಸಿಟ್ಟನ್ನ ಮಗನ ಮೇಲೆ ತೀರಿಸುವುದು, ಇವು ಯಾವುವೂ ತರಬೇತಿ ಅಲ್ಲ. ಇಂಗ್ಲೆಂಡ್‌ನ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ 2021ರಲ್ಲಿ, ಅಕಾಡೆಮಿಯಿಂದ ಬಿಟ್ಟುಕೊಟ್ಟ 18ರಿಂದ 23 ವರ್ಷದವರಿಗೆ ಮೂರು ವರ್ಷ ಓದು, ಕೆಲಸ, ಮನಸ್ಸಿನ ಆರೋಗ್ಯಕ್ಕೆ ನೆರವು ಕೊಡುವ ಯೋಜನೆ ತಂದಿತು. ಅಷ್ಟು ದೊಡ್ಡದು ಇಲ್ಲಿ ಬ್ಯಾಡ. ಕೂಡಿಸಿಕೊಂಡು, ಕಾರಣ ಹೇಳಿ, ಮುಂದೆ ಏನು ಮಾಡಬಹುದು ಅಂತ ತಿಳಿಸಿದ್ರ ಸಾಕು.

ನಮ್ಮ ಕಡೆಯ ತಪ್ಪೂ ಅದ. ಗೆರೆ ಹೊರಗೆ ನಿಂತು ಚೀರೋದು, ಸೋತ ದಿನ ಮನೀಗಿ ಬರೋತನ ಬೈಯೋದು, ‘ನಿನ್ನ ಸಲುವಾಗಿ ಇಷ್ಟು ರೊಕ್ಕ ಹಾಕೀನಿ’ ಅನ್ನೋದು. ಅದನ್ನ ಕೇಳಿದ ಮಗುವಿಗೆ ಚೆಂಡು ಸಾಲದ ಗಂಟಿನಂಗ ಕಾಣ್ತದ.

ಸಾಲಿ ಬಿಡಿಸಬ್ಯಾಡ್ರಿ

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂಡಬೇಕಂದ್ರ ಶೇ. 75 ಹಾಜರಾತಿ ಬೇಕು. ‘ನಾವು ನೋಡ್ಕೋತೀವಿ’ ಅಂತ ಅಕಾಡೆಮಿಯವರು ಅಂದ್ರ, ಯಾವ ಸಾಲಿಯಲ್ಲಿ ಹೆಸರು ಅದ, ಯಾರು ಪಾಠ ಮಾಡ್ತಾರ ಅಂತ ಹೋಗಿ ಕಣ್ಣಾರೆ ನೋಡಿ ಬರ್ರಿ. ಟಿಸಿ, ಮಾರ್ಕ್ಸ್ ಕಾರ್ಡ್, ಆಧಾರ್ ಮೂಲ ಪ್ರತಿಗಳನ್ನ ಕೋಚ್ ಕೈಗೆ ಕೊಡಬ್ಯಾಡ್ರಿ, ಜೆರಾಕ್ಸ್ ಸಾಕು. 8ನೇ ತರಗತಿ ತನಕದ ಮಗು ಸರ್ಕಾರಿ ಇಲ್ಲವೇ ಅನುದಾನಿತ ಸಾಲಿಗೆ ಹೋಗಬೇಕಂದ್ರ, ಈಗಿನ ಸಾಲಿಯವರು ಟಿಸಿ ತಕ್ಷಣ ಕೊಡಬೇಕು, ಟಿಸಿ ತಡ ಆಯಿತಂತ ಪ್ರವೇಶ ನಿರಾಕರಿಸುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ.

ಮಗು ಸುರಕ್ಷಿತ ಇದೆಯಾ?

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. 2025ರಲ್ಲಿ ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಕೋಚ್ ಒಬ್ಬನನ್ನ ಅಪ್ರಾಪ್ತ ಶಿಷ್ಯೆಯ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಪೊಲೀಸರು ಬಂಧಿಸಿದರು. ವಿಷಯ ಹೊರಬಿದ್ದಿದ್ದು ಅಜ್ಜಿ ತನ್ನ ಫೋನ್‌ನಲ್ಲಿ ನೋಡಿದ್ದರಿಂದ. ಮನೆಯವರ ಕಣ್ಣೇ ಮೊದಲ ಕಾವಲು.

2012ರ ಪೋಕ್ಸೊ ಕಾಯ್ದೆ ಹುಡುಗ ಹುಡುಗಿ ಅನ್ನದೆ 18 ವರ್ಷದೊಳಗಿನ ಎಲ್ಲರಿಗೂ ಅನ್ವಯ. ಇಂಥದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಕ್ಲಬ್‌ನ ಹೆಸರು ಕೆಡ್ತದಂತ ‘ಒಳಗೊಳಗೇ ಮುಗಿಸೋಣ’ ಅನ್ನುವಂತಿಲ್ಲ. ಹಾಸ್ಟೆಲ್‌ನಲ್ಲಿ ರಾತ್ರಿ ಯಾರು ಇರ್ತಾರ, ಹುಡುಗಿಯರಿಗೆ ಮಹಿಳಾ ಸಿಬ್ಬಂದಿ ಇದ್ದಾರಾ, ಮಗು ಬೇಕಾದಾಗ ಮನೆಗೆ ಫೋನ್ ಮಾಡಬಹುದಾ, ಇಷ್ಟು ಕೇಳಲೇಬೇಕು. ಫೋನ್ ಮಾಡಲು ಬಿಡದ ಹಾಸ್ಟೆಲ್‌ನಿಂದ ಮಗುವನ್ನ ಕರ್ಕೊಂಡು ಬರುವುದೇ ಲೇಸು.

ಬಿಸಿಲನ್ನೂ ಮರೀಬ್ಯಾಡ್ರಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟ್ತದ. ಕ್ಯಾಂಪ್ ಮುಂಜಾನೆ ಮತ್ತು ಸಂಜೆ ಇರಬೇಕು, ನೀರು, ನೆರಳು ಇರಬೇಕು. ಗಾಯ ಆದ್ರ ಯಾವ ದವಾಖಾನಿಗೆ, ಖರ್ಚು ಯಾರದು ಅನ್ನೋದು ಮೊದಲೇ ಗೊತ್ತಿರಬೇಕು.

ದೂರು ಎಲ್ಲಿ ಕೊಡಬೇಕು

- ಮಗುವಿಗೆ ಹೊಡೆತ, ಕಿರುಕುಳ, ಲೈಂಗಿಕ ದೌರ್ಜನ್ಯ: ಮಕ್ಕಳ ಸಹಾಯವಾಣಿ 1098, ತುರ್ತು ಇದ್ದರೆ 112, ಅಥವಾ ಹತ್ತಿರದ ಪೊಲೀಸ್ ಠಾಣೆ.
- ಫೀಸ್ ತಗೊಂಡು ತರಬೇತಿ ಕೊಡದಿದ್ದರೆ: ಗ್ರಾಹಕ ಸಹಾಯವಾಣಿ 1915. ಬಗೆಹರಿಯದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಮೊತ್ತ 5 ಲಕ್ಷ ರೂ. ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಸಾಲಿಯೇ ನಡೆಸುವ ಕ್ರೀಡಾ ತರಬೇತಿಯಾದರೆ ಗ್ರಾಹಕ ಕಾನೂನು ಅನ್ವಯ ಆಗದಿರಬಹುದು. ಆಗ ಬಿಇಒ ಕಚೇರಿಗೆ ಹೋಗಿ.
- ನೋಂದಣಿ, ವರ್ಗಾವಣೆ ತಕರಾರು: ರಾಜ್ಯ ಫುಟ್‌ಬಾಲ್ ಸಂಸ್ಥೆ, ಆಮೇಲೆ ಎಐಎಫ್‌ಎಫ್.

ಸೇರಿಸುವ ದಿನ ಕೇಳಬೇಕಾದ ಏಳು ಪ್ರಶ್ನೆ

1. ಇದು ಆಯ್ಕೆಯಾ, ಫೀಸ್ ಕ್ಲಾಸಾ?
2. ವರ್ಷದ ಪೂರ್ತಿ ಖರ್ಚು ಎಷ್ಟು? ಬಿಟ್ಟರೆ ವಾಪಸ್ ಎಷ್ಟು?
3. ಕೋಚ್‌ಗೆ ಯಾವ ಲೈಸೆನ್ಸ್ ಇದೆ? ಎಐಎಫ್‌ಎಫ್ ಮಾನ್ಯತೆ ಇದೆಯಾ? ಕಾಗದ ತೋರಿಸಿ.
4. ಯಾವ ಟೂರ್ನಿಗಳು? ಸರ್ಟಿಫಿಕೇಟ್‌ಗೆ ಯಾರ ಸಹಿ?
5. ಸಾಲಿ ಹೆಂಗ ನಡೀತದ?
6. ಹಾಸ್ಟೆಲ್‌ನಲ್ಲಿ ಜವಾಬ್ದಾರಿ ಯಾರದು? ಗಾಯಕ್ಕೆ ವಿಮೆ ಇದೆಯಾ?
7. ಮೊದಲೇ ಸೇರಿದ ಇಬ್ಬರು ಪಾಲಕರ ಜೊತೆ, ಒಬ್ಬ ಬಿಟ್ಟುಹೋದ ಪಾಲಕರ ಜೊತೆ ಮಾತಾಡಬಹುದಾ?

ಏಳನೇ ಪ್ರಶ್ನೆಗೆ ಮುಖ ಸಿಂಡರಿಸಿದ್ರ ಉಳಿದ ಆರು ಕೇಳುವ ಅವಶ್ಯ ಇಲ್ಲ.

ಮನೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, ಅದು ಮಗುವಿಗೆ: ‘ನಾಳೆನೂ ಆಡಕ್ಕ ಹೋಗಬೇಕನಸ್ತದೇನು?’ ಹೂಂ ಅಂದ್ರ ತಾಲೂಕು ಮೈದಾನದಾಗ ಆಡಿದ್ರೂ ಆಟ ಬೆಳೀತದ. ಇಲ್ಲ ಅಂದ್ರ ಎಷ್ಟೇ ರೊಕ್ಕ ಕಟ್ಟಿರಲಿ, ಒಂದು ದಿನ ಕೂತು ಮಾತಾಡ್ರಿ.