ಒಣಗಿದ ಲೇಪ

ಕಳೆದ ವರ್ಷ ಅವಳ ಅಕ್ಕನ ಮದುವೆಗೆ ಎರಡು ದಿನವಿರುವಾಗ, ಹಾಸ್ಟೆಲಿನ ನನ್ನ ರೂಮ್‌ಮೇಟ್ ಹಸಿ ಶುಂಠಿ ಜಜ್ಜಿ, ನಿಂಬೆರಸ ಬೆರೆಸಿ ಮುಖಕ್ಕೆ ಹಚ್ಚಿಕೊಂಡು ಕೂತಳು. ಪೂರ್ತಿ ಒಣಗುವವರೆಗೆ ಬಿಡಬೇಕೆಂದು ಯಾವುದೋ ವೀಡಿಯೊ ಹೇಳಿತ್ತಂತೆ. ತೊಳೆದಾಗ ಕೆನ್ನೆಗಳು ಕೆಂಪಗೆ ಊದಿದ್ದವು. "ನಮ್ಮ ಹಿರಿಯರೆಲ್ಲ ಇದನ್ನೇ ಹಚ್ಕೊಳ್ತಿದ್ರಲ್ವೇನೇ?" ಎಂದು ಅಳುತ್ತಲೇ ಕೇಳಿದಳು. ಹಳೆಯ ಗ್ರಂಥಗಳ ನಡುವೆ ಬದುಕುವ ನನ್ನ ಬಳಿಯೂ ಆಗ ಉತ್ತರವಿರಲಿಲ್ಲ. ಆಮೇಲೆ ಹುಡುಕಿದೆ.

ಮೈಗೆ ಹಚ್ಚುವ ಮದ್ದಿನ ಪರಂಪರೆ ನಮ್ಮಲ್ಲಿ ಹಳೆಯದೇ. ಚರಕಸಂಹಿತೆಯ ಸೂತ್ರಸ್ಥಾನದ 3ನೆಯ ಅಧ್ಯಾಯ 32 ಲೇಪಗಳನ್ನು ವಿವರಿಸುತ್ತದೆ. ಆದರೆ ಅಲ್ಲಿ ಪ್ರತಿ ಲೇಪವೂ ಒಂದು ತೊಂದರೆಗೆ ಕಟ್ಟುಬಿದ್ದಿದೆ: ಇದು ಚರ್ಮರೋಗಕ್ಕೆ, ಇದು ತಲೆನೋವಿಗೆ, ಇದು ಅತಿಬೆವರಿಗೆ. ಎಲ್ಲರಿಗೂ, ಎಲ್ಲದಕ್ಕೂ ಒಂದೇ ಲೇಪ ಎಂಬ ಮಾತಿಲ್ಲ.

ಸುಶ್ರುತಸಂಹಿತೆ ಇನ್ನೂ ಬಿಗಿ. ಸೂತ್ರಸ್ಥಾನದ 18ನೆಯ ಅಧ್ಯಾಯ ಲೇಪದ ದಪ್ಪವನ್ನೂ ಹೇಳುತ್ತದೆ: ಎಮ್ಮೆಯ ಹಸಿ ಚರ್ಮದಷ್ಟು. ರಾತ್ರಿ ಲೇಪ ಹಚ್ಚಬಾರದು, ಹಳಸಿದ್ದನ್ನು ಬಳಸಬಾರದು, ಒಂದರ ಮೇಲೊಂದು ಪದರ ಹಾಕಬಾರದು. ಕೀವು ಹಿಂಡಿ ತೆಗೆಯಬೇಕಾದ ಬಾವು ಬಿಟ್ಟರೆ ಬೇರೆಲ್ಲೂ ಲೇಪವನ್ನು ಒಣಗಲು ಬಿಡಬಾರದು, ಒಣಗಿದ್ದು ನಿರುಪಯುಕ್ತವಷ್ಟೇ ಅಲ್ಲ, ನೋವನ್ನೂ ತರುತ್ತದೆ ಎಂಬುದು ಅದರ ಸ್ಪಷ್ಟ ಅಭಿಪ್ರಾಯ. ವೀಡಿಯೊ ಹೇಳಿದ್ದು ಇದಕ್ಕೆ ತದ್ವಿರುದ್ಧ.

ಶುಂಠಿಯ ಹೆಸರಿನಲ್ಲೂ ಒಂದು ಎಚ್ಚರಿಕೆ ಅಡಗಿದೆ. ಸಂಸ್ಕೃತದಲ್ಲಿ ಹಸಿಯಾದದ್ದು ಆರ್ದ್ರಕ, ಒಣಗಿದ್ದು ಶುಂಠೀ. ಉತ್ತರ ಕರ್ನಾಟಕದವರು ಇಂದಿಗೂ ಹಸಿಯದಕ್ಕೆ 'ಅಲ್ಲ' ಎನ್ನುತ್ತಾರೆ. ಒಂದೇ ಗೆಡ್ಡೆಗೆ ಎರಡು ಹೆಸರೇಕೆ? ಎರಡರ ಗುಣ ಬೇರೆ. 1879ರಲ್ಲಿ ಜಾನ್ ಥ್ರೆಶ್ ಎಂಬ ಇಂಗ್ಲೆಂಡಿನ ರಸಾಯನತಜ್ಞ ಶುಂಠಿಯ ಖಾರದ ಅಂಶಕ್ಕೆ ಜಿಂಜರಾಲ್ ಎಂದು ಹೆಸರಿಟ್ಟ. ಗೆಡ್ಡೆ ಒಣಗಿದಂತೆ ಜಿಂಜರಾಲಿನ ಒಂದು ಪಾಲು ಶೋಗಾಲ್ ಆಗುತ್ತದೆ, ಅದರ ಖಾರ ಇನ್ನೂ ಹೆಚ್ಚು. 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಮೆಣಸಿನಕಾಯಿಯ ಉರಿಯನ್ನು ಗ್ರಹಿಸುವ ನರಗಳ ಗ್ರಾಹಕವನ್ನು ಗುರುತಿಸಿತು. ಶುಂಠಿಯ ಖಾರವೂ ಅದೇ ಗ್ರಾಹಕವನ್ನು ತಟ್ಟುತ್ತದೆ. ಹಚ್ಚಿದಾಗ ಬರುವ ಬಿಸಿ, ಕೆಂಪು 'ಕಾಂತಿ'ಯಲ್ಲ, ಚರ್ಮ ಕೆರಳಿದ್ದರ ಗುರುತು. ನಿಂಬೆಯ ಆಮ್ಲ ಅದನ್ನು ಇನ್ನಷ್ಟು ಕೆರಳಿಸುತ್ತದೆ.

ಹಾಗಾದರೆ ಶುಂಠಿಯನ್ನು ಮುಟ್ಟಲೇಬಾರದೇ? ಮುಟ್ಟುವವರು ಹಳೆಯ ಶಿಸ್ತನ್ನೂ ಪಾಲಿಸಲಿ. ಮೊದಲು ಮೊಸರು ಅಥವಾ ಕಡಲೆಹಿಟ್ಟಿನಲ್ಲಿ ಕೆಲವೇ ಹನಿ ರಸ ಬೆರೆಸಿ, ಮುಂಗೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಕೆಲವು ನಿಮಿಷಕ್ಕೆ ತೊಳೆದು, ಎರಡು ದಿನ ಕಾಯಬೇಕು. ಗಾಯ, ಒಡೆದ ಮೊಡವೆ, ಕಣ್ಣಿನ ಸುತ್ತ ಬೇಡ. ಉಳಿದದ್ದನ್ನು ಎತ್ತಿಡಬಾರದು. ಉರಿ ಶುರುವಾದರೆ ಎಣ್ಣೆಯಿಂದ ಒರೆಸಿ ತೊಳೆಯಬೇಕು, ಏಕೆಂದರೆ ಈ ಖಾರ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಕೆಂಪು, ಊತ ಇಳಿಯದಿದ್ದರೆ ಚರ್ಮವೈದ್ಯರ ಬಳಿ ಹೋಗಬೇಕು.

ನನ್ನ ಅಜ್ಜಿ ಸುಶ್ರುತನನ್ನು ಓದಿದವಳಲ್ಲ. ನನಗೆ ತಲೆನೋವು ಬಂದರೆ ಸಾಣೆಕಲ್ಲಿನ ಮೇಲೆ ಒಣಶುಂಠಿ ತೇಯ್ದು ಹಣೆಗೆ ಪಟ್ಟಿ ಹಾಕಿ, ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲೇ ಕೂರುತ್ತಿದ್ದಳು. "ಉರಿ ಹತ್ತಿದ್ರೆ ಹೇಳು ಮಗಾ" ಎನ್ನುತ್ತಿದ್ದಳು, ಒಣಗುವ ಮೊದಲೇ ಒರೆಸಿಬಿಡುತ್ತಿದ್ದಳು. ಶುಂಠಿಯ ಮದ್ದು ನಮ್ಮವರೆಗೆ ಬಂದಿದೆ, ಆ ಒದ್ದೆ ಬಟ್ಟೆ ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ರೂಮ್‌ಮೇಟ್‌ಗೆ ನಾನು ಕೊಡಬೇಕಿದ್ದ ಉತ್ತರ ಇದೇ: ಹಿರಿಯರು ಹಚ್ಚಿಕೊಳ್ಳುತ್ತಿದ್ದರು, ಹೌದು. ಆದರೆ ಒಣಗಲು ಬಿಡುತ್ತಿರಲಿಲ್ಲ.