ತೆಂಗಿನ ಸೀಮೆಯ ಒಡಂಬಡಿಕೆ ಪ್ರಾರ್ಥನೆ

ಬೋರನಕಣಿವೆಯಿಂದ ತಿಪಟೂರು, ತುರುವೇಕೆರೆಗಳವರೆಗೆ ಹಬ್ಬಿರುವ ತೆಂಗಿನ ಸೀಮೆಗೆ ಕ್ರೈಸ್ತ ಮಿಷನ್ ಬಂದ ಕಥೆಯನ್ನು ಶಾಲೆ, ಅಚ್ಚುಕೂಟ, ಮತಾಂತರಗಳ ಲೆಕ್ಕದಲ್ಲೇ ಮುಗಿಸುವುದು ವಾಡಿಕೆ. ನೆರೆಯ ಗುಬ್ಬಿಯಲ್ಲಿ 1837ರಲ್ಲಿ ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ ನೆಲೆ ಹೂಡಿದರು. ದೊಡ್ಡ ಸಂತೆ ನೆರೆಯುತ್ತಿದ್ದ ಊರು ಅದು. ಅಲ್ಲಿ ನಿಂತು ಕನ್ನಡದಲ್ಲಿ ಬೋಧಿಸುವುದು ಮಿಷನರಿಗಳ ಮುಖ್ಯ ಕೆಲಸವಾಯಿತು. ಬರಹಗಳಲ್ಲಿ ಉಳಿದದ್ದೂ ಆ ಬೋಧನೆ, ಅದು ಎಬ್ಬಿಸಿದ ವಾಗ್ವಾದ. ಆದರೆ ಅವರ ಸಭೆಯ ಬದುಕಿನಲ್ಲಿ ಇನ್ನೊಂದು ಆಚರಣೆಯಿತ್ತು: ತನ್ನನ್ನು ತಾನು ಕ್ಷಮಿಸಿಕೊಳ್ಳಲಾರದ ಮನುಷ್ಯ ಕ್ಷಮೆಯನ್ನು ಪಡೆದುಕೊಳ್ಳಲು ಕಲಿಯುವ ಪ್ರಾರ್ಥನೆ. ಆ ಚರಿತ್ರೆಯ ತಿರುಳನ್ನು ಅಲ್ಲಿ ಹುಡುಕಬೇಕು ಎಂಬುದು ನನ್ನ ವಾದ.

ಈ ಪ್ರಾರ್ಥನೆ ವೆಸ್ಲಿಯನ್ನರ, ಅಂದರೆ ಮೆಥಡಿಸ್ಟರ, ಒಡಂಬಡಿಕೆಯ ಆರಾಧನೆಯದು. ಅವರ ಮೂಲಪುರುಷ ಜಾನ್ ವೆಸ್ಲಿ 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಮೊದಲ ಸಲ ಅದನ್ನು ನಡೆಸಿದರು. ಅದರ ಪಾಠ ಅವರದಲ್ಲ, ಹದಿನೇಳನೆಯ ಶತಮಾನದ ಪ್ಯೂರಿಟನ್ ಬೋಧಕ ರಿಚರ್ಡ್ ಅಲೀನ್ ಅವರದು. ಮುಂದೆ ಮೆಥಡಿಸ್ಟರು ಇದನ್ನು ಹೊಸ ವರ್ಷದ ಆರಂಭದ ಆಚರಣೆಯಾಗಿ ಮಾಡಿಕೊಂಡರು. ಇದರ ಕ್ರಮವನ್ನು ಗಮನಿಸಬೇಕು. ಸಭೆ ಸೇರಿ ಒಕ್ಕೊರಲಿನಿಂದ ಒಪ್ಪಿಕೊಳ್ಳುವ ಮೊದಲು, ಪ್ರತಿಯೊಬ್ಬರೂ ಒಂದಕ್ಕಿಂತ ಹೆಚ್ಚು ಸಲ ಒಂಟಿಯಾಗಿ ದೇವರ ಮುಂದೆ ಕೂತು ತಮ್ಮ ಒಳಗನ್ನು ಶೋಧಿಸಿಕೊಳ್ಳಬೇಕೆಂದು ಅಲೀನ್ ವಿಧಿಸುತ್ತಾರೆ. ಮೌನ ಮೊದಲು, ಮಾತು ಆಮೇಲೆ. ಅಪರಾಧಿಯೂ ನ್ಯಾಯಾಧೀಶನೂ ತಾನೇ ಆಗಿ ಒಳಗೊಳಗೇ ವಿಚಾರಣೆ ನಡೆಸಿಕೊಳ್ಳುವವನಿಗೆ ಬಿಡುಗಡೆ ಎಲ್ಲಿಂದ ಬರಬೇಕು? ಈ ಪ್ರಾರ್ಥನೆ ತೀರ್ಪನ್ನು ಅವನ ಕೈಯಿಂದ ತೆಗೆದು ದೇವರಿಗೆ ಒಪ್ಪಿಸುತ್ತದೆ. ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗೆ ಸರಿಸಿದರೂ ಸರಿ, ನಾನು ನಿನ್ನವನೇ ಎಂಬುದು ಅದರ ಭಾವ.

ಬದಿಗೆ ಸರಿಯುವುದೆಂದರೇನೆಂದು ಗುಬ್ಬಿಯ ಮಿಷನರಿ ವಿಲಿಯಂ ಆರ್ಥರ್ ಅನುಭವಿಸಿಯೇ ತಿಳಿದರು. 1839ರಲ್ಲಿ ಇಪ್ಪತ್ತರ ಹರೆಯದಲ್ಲಿ ಬಂದವರು, ಆರೋಗ್ಯ ಕೆಟ್ಟು, ಕಣ್ಣು ಸೋತು 1841ರಲ್ಲೇ ಹಿಂದಿರುಗಬೇಕಾಯಿತು. ಮೈಸೂರು ಮಿಷನ್ನಿನ ಕುರಿತ ಅವರ ಪುಸ್ತಕ 1847ರಲ್ಲಿ ಬಂತು. ಹೆಸರು ತಂದುಕೊಟ್ಟ ‘ದಿ ಟಂಗ್ ಆಫ್ ಫೈರ್’ 1856ರಲ್ಲಿ. ಪವಿತ್ರಾತ್ಮನ ಅಗ್ನಿಯನ್ನು ಕುರಿತ ಆ ಕೃತಿ, ಅಗ್ನಿ ಇಳಿಯುವ ಮುಂಚಿನ ಕಾಯುವಿಕೆಗೂ ಮಹತ್ವ ಕೊಡುತ್ತದೆ. ಯೆರೂಸಲೇಮಿನ ಮೇಲುಪ್ಪರಿಗೆಯಲ್ಲಿ ಪ್ರಾರ್ಥಿಸುತ್ತ ಕಾದಿದ್ದವರಲ್ಲಿ, ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿ ಅತ್ತ ಪೇತ್ರನೂ ಇದ್ದ. ಆ ಅಗ್ನಿ ಇಳಿದ ಪಂಚಾಶತ್ತಮ ದಿನದಲ್ಲಿ ಮೊದಲು ಎದ್ದು ಮಾತಾಡಿದವನೂ ಅವನೇ. ಸೋಲಿಗೂ ಆ ಮಾತಿಗೂ ನಡುವೆ ಕಾಯುವ ದಿನಗಳಿದ್ದವು ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ.

ಮೆಥಡಿಸ್ಟರದು ಹಾಡು, ಪ್ರಸಂಗಗಳ ಪರಂಪರೆ; ಅವರಲ್ಲಿ ಮೌನವನ್ನು ಹುಡುಕುವುದು ಅತಿಯಾಯಿತು ಎನ್ನಬಹುದು. ಹೌದು, ಅವರು ಮೌನವ್ರತಿಗಳಲ್ಲ. ಆದರೆ ಮೌನ ಅವರಲ್ಲಿ ಗುರಿಯಾಗಿರಲಿಲ್ಲ, ಸಿದ್ಧತೆಯಾಗಿತ್ತು. ಅಲೀನರ ವಿಧಿಯೇ ಇದಕ್ಕೆ ಸಾಕ್ಷಿ. ಇದೆಲ್ಲ ಪರದೇಶದ ಸರಕು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಪಾಠ ಹೊರಗಿನದು, ನಿಜ. ಒಳಗೆ ತಿರುಗಿ ಕೂರುವ ಅಭ್ಯಾಸವನ್ನು ಮಾತ್ರ ಈ ನೆಲಕ್ಕೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಇದೇ ತುಮಕೂರು ಜಿಲ್ಲೆಯ ಕಗ್ಗೆರೆಯ ತೋಟದಲ್ಲಿ ಹುತ್ತ ಬೆಳೆಯುವಷ್ಟು ಕಾಲ ತಪಸ್ಸಿಗೆ ಕೂತ ಶಿವಯೋಗಿ ಸಿದ್ಧಲಿಂಗರನ್ನು ಜನ ತೋಂಟದ ಸಿದ್ಧಲಿಂಗರೆಂದೇ ಕರೆದರು. ಎರಡನ್ನೂ ಒಂದೇ ಎಂದು ಕಲಸುವುದು ಎರಡಕ್ಕೂ ಅನ್ಯಾಯ: ಶಿವಯೋಗಿಯ ಹಾದಿ ಲಿಂಗಾಂಗ ಸಾಮರಸ್ಯದ ಕಡೆಗೆ, ಕ್ರೈಸ್ತನದು ಕ್ಷಮಿಸುವ ತಂದೆಯ ಕಡೆಗೆ. ಆದರೂ ಏಕಾಂತದ ಪ್ರಾರ್ಥನೆ ಇಲ್ಲಿ ವಿಚಿತ್ರವಾಗಿ ಕಂಡಿರಲಾರದು.

ಈ ಪ್ರಾರ್ಥನೆಯ ಅಗತ್ಯವನ್ನು 1876–78ರ ಕ್ಷಾಮದ ಬೆಳಕಿನಲ್ಲಿ ನೋಡಬೇಕು. ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಅನಾಥ ಮಕ್ಕಳಿಗೆ ವೆಸ್ಲಿಯನ್ನರು ಆಶ್ರಯ ಕೊಟ್ಟರು; ಆಮೇಲೆ ಸುವರ್ಣಮುಖಿ ನದಿಗೆ ಅಡ್ಡಲಾಗಿ ಬೋರನಕಣಿವೆಯ ಕಟ್ಟೆ 1892ರ ಹೊತ್ತಿಗೆ ಎದ್ದಿತು. ಕಟ್ಟೆ ನೀರನ್ನು ಹಿಡಿದಿಡಬಲ್ಲದು. ಮನೆಯವರು ಸತ್ತು ತಾನೊಬ್ಬನೇ ಉಳಿದೆನಲ್ಲ ಎಂಬ ಸಂಕಟಕ್ಕೆ ಬೇರೆಯೇ ಆಸರೆ ಬೇಕು, ಮತ್ತು ಮಾಡದ ತಪ್ಪಿಗೂ ತನ್ನನ್ನೇ ದಂಡಿಸಿಕೊಳ್ಳುವ ಮನಸ್ಸಿಗೆ ಉಪದೇಶ ನಾಟುವುದಿಲ್ಲ.

ವರ್ಷಕ್ಕೊಮ್ಮೆ ಕ್ಷಮೆ ಸಿಗುವುದಾದರೆ ತಪ್ಪು ಹಗುರವಾಗದೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಾಯಿಪಾಠವಾದಾಗ ಅದು ಹಗುರವಾಗುತ್ತದೆ. ಆದರೆ ಯಜ್ಞವೇದಿಯ ಮುಂದೆ ಸಹೋದರನ ದೂರು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ರಾಜಿಯಾಗು ಎಂಬುದು ಯೇಸುವಿನ ಆಜ್ಞೆ. ಸುವಾರ್ತೆಯಲ್ಲಿ ಬರುವ ಜಕ್ಕಾಯ ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸಲು ಒಪ್ಪಿದ. ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ರೂಪುಗೊಂಡಾಗ ವೆಸ್ಲಿಯನ್ನರೂ ಅದರಲ್ಲಿ ಸೇರಿದರು, ಒಡಂಬಡಿಕೆಯ ಆರಾಧನೆಯೂ ಅವರೊಂದಿಗೆ ಸೇರಿತು. ಆ ಪ್ರಾರ್ಥನೆಯನ್ನು ಹೇಳುವವನು ಸಾಲಗಾರನ ಮನೆಗೋ ಮುನಿದ ತಮ್ಮನ ಮನೆಗೋ ಮೊದಲು ಹೋಗಿಬರಬೇಕಾದ ಹಂಗು ಈಗಲೂ ಹಾಗೆಯೇ ಇದೆ.